ಮಿತಿ ಯಾರ ಮೇಲೆ? ಅಮೆರಿಕದ ಕಾಲೇಜು ಫುಟ್‌ಬಾಲ್ ಮತ್ತು ಹಣದ ಲೆಕ್ಕ

ಒಂದು ಮ್ಯಾಚಿನಿಂದ ಶುರು ಮಾಡುತ್ತೇನೆ. 2007ರ ಸೆಪ್ಟೆಂಬರ್ 1, ಶನಿವಾರ. ಮಿಶಿಗನ್ ವಿಶ್ವವಿದ್ಯಾಲಯದ ಮೈದಾನ. 1 ಲಕ್ಷ 9 ಸಾವಿರಕ್ಕೂ ಹೆಚ್ಚು ಜನ ಸೇರಿದ್ದಾರೆ. ಮಿಶಿಗನ್ ಆ ವಾರ ದೇಶದಲ್ಲಿ 5ನೇ ಸ್ಥಾನದಲ್ಲಿದ್ದ ತಂಡ. ಎದುರಿಗೆ ಅಪಲಾಚಿಯನ್ ಸ್ಟೇಟ್. ನಾರ್ತ್ ಕ್ಯಾರೊಲೈನಾದ ಬೆಟ್ಟಗಳ ನಡುವೆ ಬೂನ್ ಅನ್ನೋ ಸಣ್ಣ ಊರಿದೆ, ಅಲ್ಲಿನ ಕಾಲೇಜು. ಒಂದು ದರ್ಜೆ ಕೆಳಗೆ ಆಡುವ ತಂಡ. ಇವರು ಗೆಲ್ಲುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಬಂದು ಆಡಿ ಹೋಗಲಿ ಅಂತ ಅವರಿಗೆ 4 ಲಕ್ಷ ಡಾಲರ್ ಕೊಡುವ ಮಾತಾಗಿತ್ತು. ಇಲ್ಲಿ ಇದು ಮಾಮೂಲು ಪದ್ಧತಿ. ದೊಡ್ಡ ಕಾಲೇಜಿಗೆ ತವರಿನಲ್ಲಿ ಒಂದು ಸುಲಭದ ಗೆಲುವು ಸಿಗುತ್ತದೆ, ಸಣ್ಣ ಕಾಲೇಜಿಗೆ ವರ್ಷದ ಖರ್ಚಿಗೆ ಒಂದಿಷ್ಟು ದುಡ್ಡು ಸಿಗುತ್ತದೆ.

ಪಂದ್ಯ ಮುಗಿಯೋದಕ್ಕೆ 26 ಸೆಕೆಂಡ್ ಇದ್ದಾಗ ಅಪಲಾಚಿಯನ್ ಹುಡುಗರು ಚೆಂಡನ್ನು ಕಂಬಗಳ ನಡುವೆ ಒದ್ದು 34-32 ಮುನ್ನಡೆ ಪಡೆದರು. ಮಿಶಿಗನ್‌ಗೆ ಇನ್ನೂ ಒಂದು ಅವಕಾಶ ಇತ್ತು. ಕೊನೆ ಗಳಿಗೆಯಲ್ಲಿ ಅವರೂ ಒದ್ದರು. ಒಬ್ಬ ಹುಡುಗ ಪಕ್ಕದಿಂದ ನುಗ್ಗಿ ಬಂದು ಆ ಚೆಂಡಿಗೆ ಎದೆ ಕೊಟ್ಟ. ಅಲ್ಲಿಗೆ ಮುಗಿಯಿತು. ಆ ವಿಡಿಯೊ ಸಿಕ್ಕರೆ ಒಮ್ಮೆ ನೋಡಿ. ಲಕ್ಷ ಜನ ಕೂತಿರುವ ಜಾಗ ಅಷ್ಟು ಮೌನವಾಗೋದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಎರಡು ಸಂಖ್ಯೆ ಹೇಳುತ್ತೇನೆ. 85 ಮತ್ತು 63. ಆ ದಿನ ಮಿಶಿಗನ್ ಹೆಚ್ಚೆಂದರೆ 85 ಹುಡುಗರಿಗೆ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಅಪಲಾಚಿಯನ್ ಸ್ಟೇಟ್ ಆಡುತ್ತಿದ್ದ ದರ್ಜೆಯಲ್ಲಿ ಮಿತಿ 63. ಅಂದರೆ ಸಣ್ಣವನು ದೊಡ್ಡವನಿಗಿಂತ 22 ಹುಡುಗರಷ್ಟು ಕಡಿಮೆ. ಆದರೆ ನೂರು ಕಡಿಮೆ ಅಲ್ಲ, ಗಮನಿಸಿ. ಈ ಮಿತಿಯೇ ಇಲ್ಲದಿದ್ದರೆ ಆ 63ರಲ್ಲಿ ಎಷ್ಟೋ ಹುಡುಗರು ಯಾವುದೋ ದೊಡ್ಡ ಕಾಲೇಜಿನ ಬೆಂಚಿನ ಮೇಲೆ ಕೂತು ನಾಲ್ಕು ವರ್ಷ ಕಳೆಯುತ್ತಿದ್ದರು. ಬೂನ್ ಊರಿಗೆ ಬರುತ್ತಲೇ ಇರಲಿಲ್ಲ.

ನೀವೆಲ್ಲ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು. ನಿಮ್ಮಲ್ಲಿ ಬಹಳ ಜನರ ಮಕ್ಕಳು ಈ ವಿಶ್ವವಿದ್ಯಾಲಯಗಳಲ್ಲೇ ಓದುತ್ತಿದ್ದಾರೆ. ಶನಿವಾರ ಬಂತೆಂದರೆ ಮನೆಮಂದಿಯೆಲ್ಲ ಕೆಂಪೋ ನೀಲಿಯೋ ಅಂಗಿ ಹಾಕಿಕೊಂಡು ಟಿವಿ ಮುಂದೆ ಕೂರುತ್ತೀರಿ. ಆದರೆ ಈ ಆಟದ ಹಣದ ವಿಚಾರ ಬಂದಾಗ "ಬಿಡಿ, ಅದು ಅಮೆರಿಕದವರ ಗಲಾಟೆ" ಅನ್ನುತ್ತೀರಿ. ಹಾಗಲ್ಲ. ಯಾರು ಎಷ್ಟು ಖರ್ಚು ಮಾಡಬಹುದು ಅನ್ನೋ ಪ್ರಶ್ನೆಗೆ ಇವರು ನೂರು ವರ್ಷದಿಂದ ಬೇರೆ ಬೇರೆ ಉತ್ತರ ಹುಡುಕಿದ್ದಾರೆ. ಕೆಲವು ಫಲ ಕೊಟ್ಟವು, ಕೆಲವು ಕೆಟ್ಟದಾಗಿ ಮುರಿದುಬಿದ್ದವು. ಯಾವುದು ಯಾಕೆ ಮುರಿಯಿತು ಅನ್ನೋದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಫಲ ಕೊಟ್ಟದ್ದನ್ನು ಹೇಳಿಬಿಡುತ್ತೇನೆ. 1973ಕ್ಕೆ ಮುಂಚೆ ಒಂದು ತಂಡ ಎಷ್ಟು ಹುಡುಗರಿಗೆ ಸ್ಕಾಲರ್‌ಶಿಪ್ ಕೊಡಬೇಕು ಅನ್ನೋದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಲೆಕ್ಕ ಇರಲಿಲ್ಲ. ಕೆಲವು ಕಾನ್ಫರೆನ್ಸ್‌ಗಳು, ಅಂದರೆ ಆಯಾ ಪ್ರದೇಶದ ಕಾಲೇಜುಗಳ ಕೂಟಗಳು, ತಮ್ಮ ಮಟ್ಟಿಗೆ ನಿಯಮ ಮಾಡಿಕೊಂಡಿದ್ದವು ಅಷ್ಟೆ. ದುಡ್ಡಿದ್ದವರು ತಮಗೆ ಬೇಕಾದವರನ್ನು ಮಾತ್ರವಲ್ಲ, ಎದುರಾಳಿಗೆ ಸಿಗಬಾರದು ಅಂತಲೂ ಹುಡುಗರನ್ನು ಕರೆದು ಕೂರಿಸಿಕೊಳ್ಳಬಹುದಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೊಸ ಕೋಚ್ ಆಗಿ ಬಂದ ಜಾನಿ ಮೇಜರ್ಸ್ 1973ರಲ್ಲಿ ಒಂದೇ ವರ್ಷ ಎಪ್ಪತ್ತಕ್ಕೂ ಹೆಚ್ಚು ಹೊಸ ಹುಡುಗರನ್ನು ತಂದರು. ಮುಂದೆ ದೊಡ್ಡ ಹೆಸರು ಮಾಡಿದ ಆಟಗಾರ ಟೋನಿ ಡೋರ್ಸೆಟ್ ಅವರಲ್ಲೊಬ್ಬ. 1976ರಲ್ಲಿ ಆ ತಂಡ ದೇಶಕ್ಕೇ ಚಾಂಪಿಯನ್ ಆಯಿತು. ತಪ್ಪೇನಿಲ್ಲ, ಆಗಿನ ನಿಯಮದಲ್ಲಿ ಅದಕ್ಕೆ ಅವಕಾಶ ಇತ್ತು.

ಆಮೇಲೆ ಎನ್‌ಸಿಎಎ, ಅಂದರೆ ಇಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ, ಮಿತಿ ಹಾಕಿತು. ಮೊದಲು 105. 1978ರಲ್ಲಿ 95. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಇಳಿಸಿ 1994ಕ್ಕೆ 85. ಇದನ್ನು ತಂದದ್ದು ಮುಖ್ಯವಾಗಿ ಖರ್ಚು ಉಳಿಸೋದಕ್ಕೆ. ಸಮಾನತೆ ತರಬೇಕು ಅನ್ನೋ ಆದರ್ಶದಿಂದ ಅಂತ ನಾನು ಹೇಳೋದಿಲ್ಲ. ಆದರೆ ಫಲ ಮಾತ್ರ ಸಮಾನತೆಯ ಕಡೆಗೇ ಬಂತು. 120 ಹುಡುಗರನ್ನು ಇಟ್ಟುಕೊಳ್ಳುತ್ತಿದ್ದ ಕಾಲೇಜು 85ಕ್ಕೆ ನಿಲ್ಲಬೇಕಾಯಿತು. ಉಳಿದ 35 ಹುಡುಗರು ಇನ್ನೆಲ್ಲಾದರೂ ಆಡಬೇಕಲ್ವಾ? ಆಡಿದರು.

ಈ ನಿಯಮದ ಒಳ್ಳೆಯ ಗುಣ ಏನು ಗೊತ್ತಾ? ಇದು ತಲೆ ಎಣಿಸುತ್ತದೆ. ತಲೆಯನ್ನು ಬಚ್ಚಿಡೋದು ಕಷ್ಟ. ಮೈದಾನಕ್ಕೆ ಬಂದರೆ ಎಲ್ಲರ ಕಣ್ಣಿಗೂ ಕಾಣುತ್ತಾನೆ. ದುಡ್ಡು ಹಾಗಲ್ಲ. ದುಡ್ಡಿಗೆ ಮಿತಿ ಹಾಕಿದಾಗಲೆಲ್ಲ ನಮ್ಮ ಗಾದೆ ನಿಜವಾಗಿದೆ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ.

ದುಡ್ಡಿನ ಕತೆಗೆ ಬರುವ ಮುಂಚೆ ಟಿವಿ ಕತೆ ಹೇಳಲೇಬೇಕು. ಯಾಕೆಂದರೆ ದುಡ್ಡು ಬಂದದ್ದೇ ಅಲ್ಲಿಂದ.

1950ರ ದಶಕದಿಂದ ಯಾವ ಕಾಲೇಜಿನ ಆಟ ಟಿವಿಯಲ್ಲಿ ಎಷ್ಟು ಸಲ ಬರಬೇಕು ಅನ್ನೋದನ್ನು ಎನ್‌ಸಿಎಎಯೇ ತೀರ್ಮಾನಿಸುತ್ತಿತ್ತು. ದೊಡ್ಡ ತಂಡ ಅಂತ ವಾರವಾರ ತೋರಿಸುವಂತಿಲ್ಲ. 1981ರ ಒಂದು ವಾರಾಂತ್ಯದ ವಿಚಾರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ದಾಖಲಾಗಿದೆ. ಆ ವಾರ ಒಕ್ಲಹೋಮ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ನಡುವೆ ಪಂದ್ಯ. ಎರಡೂ ದೇಶದ ಮೊದಲ ಐದರಲ್ಲಿದ್ದ ತಂಡಗಳು. 200ಕ್ಕೂ ಹೆಚ್ಚು ಟಿವಿ ಸ್ಟೇಷನ್‌ಗಳು ಅದನ್ನು ತೋರಿಸಿದವು. ಅದೇ ಹೊತ್ತಿಗೆ ಇನ್ನೊಂದು ಪಂದ್ಯ ನಡೆಯಿತು, ಅದನ್ನು ತೋರಿಸಿದ್ದು ನಾಲ್ಕೇ ಸ್ಟೇಷನ್. ಆದರೆ ನಾಲ್ಕೂ ತಂಡಗಳಿಗೆ ಸಿಕ್ಕ ಹಣ ಒಂದೇ. ನಾಲ್ಕು ಸ್ಟೇಷನ್ ತೋರಿಸಿದ ಆ ಪಂದ್ಯ ಯಾರ ನಡುವೆ ಗೊತ್ತಾ? ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಒಕ್ಲಹೋಮದವರ ದೃಷ್ಟಿಯಿಂದ ನೋಡಿದರೆ ಇದು ಅನ್ಯಾಯವೇ. ಜನ ನೋಡಿದ್ದು ಅವರನ್ನು. ಹಾಗಾಗಿ ಒಕ್ಲಹೋಮ ಮತ್ತು ಜಾರ್ಜಿಯಾ ಸೇರಿ ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ 7-2 ಮತದಿಂದ ಎನ್‌ಸಿಎಎಯ ಟಿವಿ ನಿಯಮವನ್ನು ಹೊಡೆದುಹಾಕಿತು. ವ್ಯಾಪಾರ ಮಾಡುವವರು ಒಳಗೊಳಗೇ ಸೇರಿಕೊಂಡು ಸರಕು ಕಡಿಮೆ ಮಾಡಿ ಬೆಲೆ ಕಟ್ಟುವಂತಿಲ್ಲ ಅನ್ನೋದು ಇಲ್ಲಿನ ಆ್ಯಂಟಿಟ್ರಸ್ಟ್ ಕಾನೂನು. ಅದರ ಪ್ರಕಾರ ತೀರ್ಪು ಸರಿಯೇ ಇರಬಹುದು. ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್. ಅವರು ಸ್ವತಃ ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರ. ಹಣವನ್ನು ಹರಡಿ ಹಂಚಿದರೆ ಗೆಲುವಿಗಾಗಿ ಹಣ ಸುರಿಯುವ ಆಸೆ ಕಡಿಮೆಯಾಗುತ್ತದೆ ಅನ್ನೋದು ಅವರ ವಾದದ ತಿರುಳು. ಆಟ ಆಡಿ ಬಂದ ಮನುಷ್ಯನಿಗೆ ಅದು ಕಂಡಿತ್ತು ಅಂತ ನನಗೆ ಅನ್ನಿಸುತ್ತದೆ.

ಆ ತೀರ್ಪಿನ ಮೇಲೆ ಪ್ರತಿ ಕೂಟವೂ ತನ್ನ ಟಿವಿ ಒಪ್ಪಂದ ತಾನೇ ಮಾಡಿಕೊಳ್ಳತೊಡಗಿತು. ಮುಂದೆ ಎಲ್ಲಿಗೆ ಹೋಯಿತು ಅನ್ನೋದು ನಿಮಗೆ ಗೊತ್ತು. 2022ರಲ್ಲಿ ಬಿಗ್ ಟೆನ್ ಕೂಟ ಮಾಡಿಕೊಂಡ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರ್‌ಗೂ ಹೆಚ್ಚಿನದು. ಆ ಹಣದ ಸೆಳೆತಕ್ಕೆ ಲಾಸ್ ಏಂಜಲಿಸ್‌ನ ಎರಡು ವಿಶ್ವವಿದ್ಯಾಲಯಗಳು, ಒರೆಗಾನ್, ವಾಷಿಂಗ್ಟನ್ ಎಲ್ಲ ಪಶ್ಚಿಮದ ಕೂಟ ಬಿಟ್ಟು ಇತ್ತ ಬಂದವು. ನೂರು ವರ್ಷಕ್ಕೂ ಹಳೆಯ ಕೂಟದಲ್ಲಿ ಕೊನೆಗೆ ಉಳಿದದ್ದು ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್, ಎರಡೇ. ಅವರು ಸರಿಯಾಗಿ ಆಡಲಿಲ್ಲ ಅಂತಲ್ಲ. ಟಿವಿಯವರಿಗೆ ಅವರ ಊರು ಸಣ್ಣದು. ಬಡವಾ ನೀನು ಮಡಗಿದ ಹಾಗಿರು ಅಂದಂತಾಯಿತು.

ಈಗ ಹುಡುಗರ ದುಡ್ಡಿಗೆ ಬರೋಣ. 1948ರಲ್ಲಿ ಎನ್‌ಸಿಎಎ ಸ್ಯಾನಿಟಿ ಕೋಡ್ ಅಂತ ಒಂದು ನಿಯಮ ತಂದಿತು. ಆಟಗಾರ ಅನ್ನೋ ಕಾರಣಕ್ಕೆ ಸಹಾಯ ಕೊಡಬೇಡಿ, ಅವನಿಗೆ ನಿಜವಾಗಿ ಕಷ್ಟ ಇದ್ದರೆ ಫೀ ಕಟ್ಟಿ, ಅಷ್ಟೆ. ಏಳು ಕಾಲೇಜುಗಳು ನಾವು ಈ ನಿಯಮ ಪಾಲಿಸುತ್ತಿಲ್ಲ ಅಂತ ತಾವೇ ಒಪ್ಪಿಕೊಂಡವು. ಅವರನ್ನು ಹೊರಗೆ ಹಾಕಬೇಕು ಅಂತ 1950ರಲ್ಲಿ ಮತಕ್ಕೆ ಹಾಕಿದರು. ಮೂರನೇ ಎರಡರಷ್ಟು ಮತ ಬೀಳಲಿಲ್ಲ. ಯಾರು ಕೈ ಎತ್ತುತ್ತಾರೆ ಹೇಳಿ? ಅಂಥದ್ದೇ ತಪ್ಪು ಬಹಳ ಜನರ ಮನೆಯಲ್ಲೂ ಇತ್ತು. ಅಲ್ಲಿಗೆ ಆ ನಿಯಮ ಸತ್ತಿತು. 1956ರ ಹೊತ್ತಿಗೆ ಆಟಕ್ಕಾಗಿಯೇ ಸ್ಕಾಲರ್‌ಶಿಪ್ ಕೊಡೋದು ಕಾನೂನುಬದ್ಧವಾಯಿತು. ಫೀ, ಊಟ, ವಸತಿ, ಪುಸ್ತಕ. ಜೊತೆಗೆ ಬಟ್ಟೆ ಒಗೆಸೋದಕ್ಕೆ ತಿಂಗಳಿಗೆ ಒಂದಿಷ್ಟು ಚಿಲ್ಲರೆ. ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ.

ಹೆಚ್ಚು ಕೊಡದೆ ಇರೋದಕ್ಕೆ ಒಂದು ಪದ ಬೇಕಾಯಿತು. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಅನ್ನೋ ಆಟಗಾರ ಮೈದಾನದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಕೆಲಸದಲ್ಲಿದ್ದಾಗ ಸತ್ತವರಿಗೆ ಕೊಡುವ ಪರಿಹಾರವನ್ನು ಅವರ ಹೆಂಡತಿ ಕೇಳಿದರು. ಅವರು ನೌಕರ ಅಲ್ಲ, ಆಟ ಕಾಲೇಜಿನ ವ್ಯಾಪಾರವೂ ಅಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ಪರಿಹಾರ ನಿರಾಕರಿಸಿತು. ಎನ್‌ಸಿಎಎಯ ವಾಲ್ಟರ್ ಬೈಯರ್ಸ್ "ಸ್ಟೂಡೆಂಟ್-ಅಥ್ಲೀಟ್" ಅನ್ನೋ ಪದವನ್ನು ರೂಢಿಗೆ ತಂದದ್ದು ಇಂಥ ಪ್ರಕರಣಗಳ ಭಯದಿಂದಲೇ. ವಯಸ್ಸಾದ ಮೇಲೆ ಅವರೇ ಅದನ್ನು ಹೇಳಿಕೊಂಡರು. ನಾವು ಈ ಪದವನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ ನೋಡಿ. ಅದರ ಹಿಂದೆ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಅರ್ಜಿ ಇದೆ.

ಮಿತಿ ಹಾಕಿದ ಮೇಲೆ ಹಣ ನಿಂತಿತಾ? ಇಲ್ಲ. ಟೆಕ್ಸಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಕತೆ ನೆನಪಿಸಿಕೊಳ್ಳಿ. ತಂಡದ ಶ್ರೀಮಂತ ಅಭಿಮಾನಿಗಳನ್ನು ಇಲ್ಲಿ ಬೂಸ್ಟರ್ ಅನ್ನುತ್ತಾರೆ. ಅಂಥ ಬೂಸ್ಟರ್ ಒಬ್ಬರ ದುಡ್ಡಿನಿಂದ 13 ಆಟಗಾರರಿಗೆ ಸುಮಾರು 61 ಸಾವಿರ ಡಾಲರ್ ಹೋಗಿತ್ತು. ಅದೂ ಮೊದಲೇ ಒಮ್ಮೆ ಸಿಕ್ಕಿಬಿದ್ದು ಶಿಕ್ಷೆ ಅನುಭವಿಸುತ್ತಿದ್ದಾಗ. ಮಾತು ಕೊಟ್ಟ ಹುಡುಗರಿಗೆ ಕೊಟ್ಟು ಮುಗಿಸೋಣ ಅಂತ ಆಡಳಿತ ಮಂಡಳಿಯವರೇ ಒಪ್ಪಿದ್ದರು. ಮಂಡಳಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲೆಮೆಂಟ್ಸ್, ಎರಡನೇ ಸಲ ಟೆಕ್ಸಸ್ ಗವರ್ನರ್ ಆದ ಮೇಲೆ ಇದನ್ನು ಬಹಿರಂಗವಾಗಿ ಒಪ್ಪಿಕೊಂಡರು. 1987ರ ಇಡೀ ಸೀಸನ್ ರದ್ದಾಯಿತು. 1988ರಲ್ಲೂ ಅವರು ಆಡಲಿಲ್ಲ. ಆ ತಂಡ ಚೇತರಿಸಿಕೊಳ್ಳೋದಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಆ 61 ಸಾವಿರವನ್ನು ಮುಂದೆ ನಾನು ಹೇಳುವ ಮೊತ್ತಗಳ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ಮಿತಿಯ ಕತೆ ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ. ತೊಂಬತ್ತರ ದಶಕದ ಶುರುವಿನಲ್ಲಿ ಖರ್ಚು ಕಡಿಮೆ ಮಾಡೋಣ ಅಂತ ಎನ್‌ಸಿಎಎ ಕೆಲವು ಸಹಾಯಕ ಕೋಚ್‌ಗಳ ಸಂಬಳಕ್ಕೂ ಮಿತಿ ಹಾಕಿತು. ವರ್ಷಕ್ಕೆ 16 ಸಾವಿರ ಡಾಲರ್. ಆ ಕೋಚ್‌ಗಳು ಕೋರ್ಟಿಗೆ ಹೋದರು. ಕಾಲೇಜುಗಳು ಸೇರಿಕೊಂಡು ದುಡಿಯುವವನ ಸಂಬಳ ಕಟ್ಟುವಂತಿಲ್ಲ ಅಂತ ಕೋರ್ಟ್ ಹೇಳಿತು. ಮೇಲ್ಮನವಿಯಲ್ಲೂ 1998ರಲ್ಲಿ ಅದೇ ಉತ್ತರ. ಎನ್‌ಸಿಎಎ ಕೊನೆಗೆ 5 ಕೋಟಿ 45 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಅಂದಿನಿಂದ ಕೋಚ್‌ಗಳ ಸಂಬಳಕ್ಕೆ ಕೈ ಹಾಕುವ ಧೈರ್ಯ ಯಾರಿಗೂ ಬಂದಿಲ್ಲ.

ಗದ್ದೆಯಲ್ಲಿ ಒಂದು ಕಡೆ ಮಾತ್ರ ಬದು ಕಟ್ಟಿ ಇನ್ನೊಂದು ಕಡೆ ಬಿಟ್ಟರೆ ನೀರು ಏನು ಮಾಡುತ್ತದೆ? ಆಟಗಾರನ ಕಡೆ ಬದು ಗಟ್ಟಿಯಾಗಿತ್ತು. ಕೋಚ್ ಕಡೆ, ಕಟ್ಟಡದ ಕಡೆ ಬದುವೇ ಇರಲಿಲ್ಲ. ಟಿವಿಯ ಹಣವೆಲ್ಲ ಅತ್ತ ಹರಿಯಿತು. 2017ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯ ಫುಟ್‌ಬಾಲ್ ತಂಡಕ್ಕೆ ಅಂತಲೇ 5 ಕೋಟಿ 50 ಲಕ್ಷ ಡಾಲರ್‌ನ ಕಟ್ಟಡ ಕಟ್ಟಿತು. ಒಳಗೆ ಕ್ಷೌರದಂಗಡಿ ಇದೆ, ಪುಟ್ಟ ಗಾಲ್ಫ್ ಅಂಗಳ ಇದೆ, ಮೇಲಿನ ಮಹಡಿಯಿಂದ ಕೆಳಗೆ ಜಾರಿ ಬರೋದಕ್ಕೆ ಜಾರುಬಂಡಿ ಇದೆ. ನೂರು ಕೆಜಿ ತೂಕದ ಇಪ್ಪತ್ತು ವರ್ಷದ ಹುಡುಗರಿಗೆ ಜಾರುಬಂಡಿ. ಆ ಹುಡುಗನ ಕೈಗೆ ನೂರು ಡಾಲರ್ ಕೊಟ್ಟರೆ ಅಪರಾಧ. ಅವನಿಗೆ ಜಾರುಬಂಡಿ ಕಟ್ಟಿಸಿದರೆ ಅಪರಾಧ ಅಲ್ಲ.

ಕೋಚ್ ಕಡೆಗೆ ಇನ್ನೊಂದು ಉದಾಹರಣೆ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಅಪಲಾಚಿಯನ್ ಸ್ಟೇಟ್ ಮತ್ತೆ ಸುದ್ದಿಗೆ ಬಂತು. ಆ ಹೊತ್ತಿಗೆ ಅವರೂ ಮೇಲಿನ ದರ್ಜೆಗೆ ಬಂದಿದ್ದರು. 15 ಲಕ್ಷ ಡಾಲರ್ ಕೊಟ್ಟು ಅವರನ್ನು ಕರೆಸಿಕೊಂಡ ಟೆಕ್ಸಸ್ ಎ ಆ್ಯಂಡ್ ಎಂ ಆಗ ದೇಶದಲ್ಲಿ 6ನೇ ಸ್ಥಾನದಲ್ಲಿತ್ತು. ಅಪಲಾಚಿಯನ್ 17-14ರಿಂದ ಗೆದ್ದಿತು. ಸೋತ ತಂಡದ ಕೋಚ್ ಜಿಂಬೊ ಫಿಶರ್. ಮರುವರ್ಷ ನವೆಂಬರ್‌ನಲ್ಲಿ ಅವರನ್ನು ತೆಗೆದರು. ಒಪ್ಪಂದ ಮುರಿದಿದ್ದಕ್ಕೆ ಅವರಿಗೆ ಕೊಡಬೇಕಾಗಿ ಬಂದದ್ದು 7 ಕೋಟಿ 50 ಲಕ್ಷ ಡಾಲರ್‌ಗೂ ಹೆಚ್ಚು. ಇನ್ನು ಕೆಲಸ ಮಾಡಬೇಡಿ ಅಂತ ಹೇಳೋದಕ್ಕೆ ಕೊಟ್ಟ ಹಣ ಅದು. ಅದಕ್ಕೆ ಯಾವ ಮಿತಿಯೂ ಇರಲಿಲ್ಲ. ಇವತ್ತಿಗೂ ಇಲ್ಲ.

ಹೀಗಿರುವಾಗ ಆಟಗಾರರ ಕಡೆಯ ಬದು ಒಡೆಯಲೇಬೇಕಿತ್ತು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು, ಆಟಗಾರರಿಗೆ ಓದಿಗೆ ಸಂಬಂಧಿಸಿದ ಸವಲತ್ತು ಕೊಡೋದಕ್ಕೆ ಮಿತಿ ಹಾಕುವಂತಿಲ್ಲ ಅಂತ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ, ಜನಪ್ರಿಯತೆ ಬಳಸಿ ಜಾಹೀರಾತಿನಿಂದ ಗಳಿಸಬಹುದು ಅಂತಾಯಿತು. ಬೂಸ್ಟರ್‌ಗಳು ಸೇರಿ ಕಲೆಕ್ಟಿವ್ ಅನ್ನೋ ನಿಧಿಗಳನ್ನು ಕಟ್ಟಿದರು. ಜಾಹೀರಾತು ಹೆಸರಿಗೆ, ಒಳಗೆ ಸಂಬಳ. ಅದೇ ಹೊತ್ತಿಗೆ ಒಂದು ವರ್ಷ ಕಾಯದೆ ಕಾಲೇಜು ಬದಲಾಯಿಸಬಹುದು ಅನ್ನೋ ಅವಕಾಶವೂ ಬಂತು. 1987ರಲ್ಲಿ ಒಂದು ತಂಡವನ್ನೇ ಮುಗಿಸಿದ ಕೆಲಸ ಹಗಲು ಹೊತ್ತಿನಲ್ಲಿ ನಡೆಯತೊಡಗಿತು.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್. ಹೊಸಬರಿಗೆ ಕಾಲೇಜೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜು ಎಲ್ಲ ಆಟಗಳೂ ಸೇರಿ ಕೊಡಬಹುದಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಇದನ್ನೇ ಎಲ್ಲರೂ ಕ್ಯಾಪ್ ಅನ್ನೋದು. ಬೇಕಾದಷ್ಟು ಕಾಲೇಜುಗಳು ಇದರಲ್ಲಿ ಮುಕ್ಕಾಲು ಭಾಗವನ್ನು ಫುಟ್‌ಬಾಲಿಗೇ ಇಟ್ಟವು. ಹೊರಗಿನಿಂದ ಬರುವ 600 ಡಾಲರ್‌ಗಿಂತ ಹೆಚ್ಚಿನ ಒಪ್ಪಂದವನ್ನೆಲ್ಲ ಒಂದು ಪೋರ್ಟಲ್‌ಗೆ ಹಾಕಿ, ಅದು ನಿಜವಾದ ವ್ಯಾಪಾರವೇ, ಬೆಲೆ ಸರಿಯಾಗಿದೆಯೇ ಅಂತ ಪರೀಕ್ಷಿಸಿಕೊಳ್ಳಬೇಕು. ಇದನ್ನೆಲ್ಲ ನೋಡಿಕೊಳ್ಳೋದಕ್ಕೆ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಅಂತ ಹೊಸ ಸಂಸ್ಥೆಯೂ ಬಂತು.

ಕ್ಯಾಪ್ ಬಂತು, ಇನ್ನು ಸಮಾನತೆ ಬರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಕಾರಣ ಹೇಳುತ್ತೇನೆ.

ಐಪಿಎಲ್ ಎಲ್ಲರಿಗೂ ಗೊತ್ತು. 2025ರ ಹರಾಜಿಗೆ ಪ್ರತಿ ತಂಡದ ಕೈಯಲ್ಲಿ 120 ಕೋಟಿ ರೂಪಾಯಿ. ಬೆಂಗಳೂರಿಗೂ ಅಷ್ಟೇ, ಲಕ್ನೋಗೂ ಅಷ್ಟೇ. ಎಲ್ಲರೂ ಅದನ್ನು ಖರ್ಚು ಮಾಡುವ ಶಕ್ತಿ ಇರುವವರೇ. ಇಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲೂ 1994ರಿಂದ ಕ್ಯಾಪ್ ಇದೆ. ಅಲ್ಲಿ ಅದು ಒಂದೇ ನಿಂತಿಲ್ಲ. ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಅನ್ನೋ ನಿಯಮ ಇದೆ. ಹೊಸ ಆಟಗಾರರನ್ನು ಆರಿಸುವಾಗ ಸೋತ ತಂಡಕ್ಕೆ ಮೊದಲ ಆಯ್ಕೆ ಸಿಗುವ ಡ್ರಾಫ್ಟ್ ಇದೆ. ದೇಶದ ಮಟ್ಟದ ಟಿವಿ ಹಣ ಎಲ್ಲರಿಗೂ ಸಮಪಾಲು. ಗ್ರೀನ್ ಬೇ ಅನ್ನೋದು ಸುಮಾರು ಒಂದು ಲಕ್ಷ ಜನ ಇರುವ ಊರು. ನ್ಯೂಯಾರ್ಕ್ ತಂಡಕ್ಕೆ ಎಷ್ಟೋ ಅವರಿಗೂ ಅಷ್ಟೇ. ಎಲ್ಲಕ್ಕಿಂತ ಮುಖ್ಯ, ಆ ಕ್ಯಾಪ್‌ಗೆ ಆಟಗಾರರ ಸಂಘ ಮೇಜಿನ ಎದುರು ಕೂತು ಚೌಕಾಸಿ ಮಾಡಿ ಸಹಿ ಹಾಕಿದೆ. ಹಾಗಾಗಿ ಕೋರ್ಟ್ ಅದನ್ನು ಮುಟ್ಟೋದಿಲ್ಲ.

ಕಾಲೇಜಿನಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಮೇಲಿನ ಮಿತಿ ಇದೆ, ಕೆಳಗಿನದಿಲ್ಲ. 2 ಕೋಟಿ ಡಾಲರ್ ಮುಟ್ಟಲಾಗದ ಕಾಲೇಜುಗಳೇ ಜಾಸ್ತಿ. ಟಿವಿ ಹಣದ ಸಮಪಾಲು 1984ರಲ್ಲೇ ಹೋಯಿತು. ಆಟಗಾರರ ಸಂಘವೂ ಇಲ್ಲ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹುಡುಗರು ಸಂಘ ಕಟ್ಟೋದಕ್ಕೆ ಹೊರಟಿದ್ದರು. ನೀವು ನೌಕರರೇ ಅಂತ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಒಪ್ಪಿದರು. ಮರುವರ್ಷ ಮೇಲಿನ ಮಂಡಳಿ, ಇದು ನಮ್ಮ ವ್ಯಾಪ್ತಿಗೆ ತೆಗೆದುಕೊಳ್ಳುವ ವಿಷಯ ಅಲ್ಲ ಅಂತ ಕೈಬಿಟ್ಟಿತು. ಯಾರ ದುಡಿಮೆಗೆ ಮಿತಿ ಹಾಕುತ್ತೀರೋ ಅವರನ್ನೇ ಕೇಳದೆ ಹಾಕಿದ ಮಿತಿಯನ್ನು ನ್ಯಾಯ ಅಂತ ಕರೆಯೋದಕ್ಕೆ ನನಗೆ ಮನಸ್ಸು ಬರೋದಿಲ್ಲ.

ನೀವು ಕೇಳಬಹುದು, ಹಾಗಾದರೆ ಇಂಡಿಯಾನಾ ಹೇಗೆ ಗೆದ್ದಿತು ಅಂತ. ಒಳ್ಳೆಯ ಪ್ರಶ್ನೆ. ದೇಶದಲ್ಲೇ ಅತಿ ಹೆಚ್ಚು ಸೋತ ತಂಡಗಳ ಪಟ್ಟಿಯಲ್ಲಿ ಅವರು ತುದಿಯಲ್ಲಿದ್ದವರು. 2023ರ ಕೊನೆಗೆ ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದರು. ಜೇಮ್ಸ್ ಮ್ಯಾಡಿಸನ್ ಅನ್ನೋ ಸಣ್ಣ ತಂಡದಿಂದ ಬರುವಾಗ 13 ಹುಡುಗರು ಅವರ ಹಿಂದೆಯೇ ಬಂದರು. 2025ರ ಸೀಸನ್‌ನಲ್ಲಿ ಒಂದೂ ಪಂದ್ಯ ಸೋಲದೆ, ಕೊನೆಗೆ ಮಯಾಮಿಯನ್ನು 27-21ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ನಾನು ಟಿವಿ ಮುಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಆದರೆ ಇಂಡಿಯಾನಾ ಬಡ ತಂಡ ಅಲ್ಲ, ಸೋಲುತ್ತಿದ್ದ ತಂಡ. ಎರಡಕ್ಕೂ ವ್ಯತ್ಯಾಸ ಇದೆ. ಅದು ಬಿಗ್ ಟೆನ್ ಕೂಟದ ಹಳೆಯ ಸದಸ್ಯ. ಆ ಕೂಟದ ಪೂರ್ಣ ಸದಸ್ಯರಿಗೆ ಟಿವಿ ಹಣ ಸಮನಾಗಿ ಹಂಚಿಕೆಯಾಗುತ್ತದೆ. ಒಹಾಯೊ ಸ್ಟೇಟ್‌ಗೆ ಎಷ್ಟೋ ಇಂಡಿಯಾನಾಕ್ಕೂ ಅಷ್ಟೇ, ವರ್ಷಕ್ಕೆ ಎಷ್ಟೇ ಪಂದ್ಯ ಸೋತರೂ. ಆ ಹಣ ಇದ್ದದ್ದರಿಂದ ಒಳ್ಳೆಯ ಕೋಚ್ ಬಂದಾಗ ಅವರು ಕೇಳಿದ್ದನ್ನು ಕೊಡೋದಕ್ಕೆ ಆಯಿತು. ಇಂಡಿಯಾನಾವನ್ನು ಮೇಲೆತ್ತಿದ್ದರಲ್ಲಿ ಕ್ಯಾಪ್‌ಗಿಂತ ಈ ಹಂಚಿಕೆಯ ಪಾಲೇ ದೊಡ್ಡದು. 1981ರಲ್ಲಿ ಅಪಲಾಚಿಯನ್ ಸ್ಟೇಟ್‌ಗೆ ಸಿಕ್ಕಿದ್ದು ಕೂಡ ಇದೇ. ವ್ಯತ್ಯಾಸ ಅಂದರೆ, ಈಗ ಅದು ಕೂಟದ ಬೇಲಿಯ ಒಳಗೆ ಇರುವವರಿಗೆ ಮಾತ್ರ.

ಬೇಲಿಯ ಹೊರಗಿನವರು ಎಲ್ಲಿಂದ ದುಡ್ಡು ತರುತ್ತಾರೆ? ನಿಮ್ಮ ಮಕ್ಕಳ ಫೀಯಿಂದ. ಟಿವಿ ಹಣ ಬಾರದ ಬಹಳಷ್ಟು ಕಾಲೇಜುಗಳಲ್ಲಿ ಪ್ರತಿ ವಿದ್ಯಾರ್ಥಿಯೂ ಕ್ರೀಡೆಗೆ ಅಂತ ಫೀ ಕಟ್ಟಬೇಕು. ಒಮ್ಮೆಯೂ ಮೈದಾನಕ್ಕೆ ಹೋಗದವರೂ ಕಟ್ಟಬೇಕು. ಆ 13 ಹುಡುಗರನ್ನು ಬೆಳೆಸಿದ ಜೇಮ್ಸ್ ಮ್ಯಾಡಿಸನ್‌ನಲ್ಲಿ ಅದು ವರ್ಷಕ್ಕೆ 2,000 ಡಾಲರ್ ದಾಟಿದ್ದಿದೆ. ಎಷ್ಟರ ಮಟ್ಟಿಗೆ ಅಂದರೆ ವರ್ಜೀನಿಯಾ ರಾಜ್ಯ 2015ರಲ್ಲಿ ಕಾನೂನನ್ನೇ ಮಾಡಿತು. ಸರ್ಕಾರಿ ಕಾಲೇಜುಗಳ ಕ್ರೀಡಾ ಬಜೆಟ್‌ನಲ್ಲಿ ವಿದ್ಯಾರ್ಥಿಗಳ ಫೀ ಪಾಲು ಇಷ್ಟನ್ನು ಮೀರಬಾರದು ಅಂತ. ಖರ್ಚಿನ ಮಿತಿಗಳಲ್ಲಿ ಇದು ನನಗೆ ಬಹಳ ಹಿಡಿಸಿದ್ದು. ಯಾಕೆಂದರೆ ಇದು ಕಾಯೋದು ಆ ಆಟಕ್ಕೆ ಸಂಬಂಧವೇ ಇಲ್ಲದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯ ಜೇಬನ್ನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನೋ ಹಾಗೆ ಫುಟ್‌ಬಾಲ್ ನಡೆಸುವ ಕಾಲೇಜುಗಳು ಇನ್ನೂ ಬಹಳ ಇವೆ. ಸೆಮಿಸ್ಟರ್ ಬಿಲ್ ಬಂದಾಗ ಆ ಸಾಲು ಎಲ್ಲಿದೆ, ಎಷ್ಟಿದೆ ಅಂತ ಹುಡುಕಿ ನೋಡಿ.

ಕೊನೆಯದಾಗಿ ಒಂದು ವಿಷಯ. ಹೌಸ್ ರಾಜಿಯಲ್ಲಿ ಆ ಒಳ್ಳೆಯ ನಿಯಮಕ್ಕೂ ಕೈ ಹಾಕಿದ್ದಾರೆ. 85 ಸ್ಕಾಲರ್‌ಶಿಪ್ ಅನ್ನೋ ಮಿತಿ ಹೋಯಿತು. ಅದರ ಬದಲು ತಂಡದಲ್ಲಿ ಒಟ್ಟು 105 ಜನ, ಬೇಕಾದರೆ 105 ಜನಕ್ಕೂ ಸ್ಕಾಲರ್‌ಶಿಪ್. ದುಡ್ಡಿದ್ದ ಕಾಲೇಜು ಈಗ ಇನ್ನೂ 20 ಹುಡುಗರನ್ನು ಕೂಡಿಸಿಕೊಳ್ಳಬಹುದು. ಮುಂಚೆ 85ರ ಜೊತೆಗೆ ಮೂವತ್ತು ನಲವತ್ತು ಜನ ವಾಕ್-ಆನ್ ಇರುತ್ತಿದ್ದರು. ಅಂದರೆ ಸ್ಕಾಲರ್‌ಶಿಪ್ ಇಲ್ಲದೆ, ತಮ್ಮ ಫೀ ತಾವೇ ಕಟ್ಟಿಕೊಂಡು, ಆಟದ ಆಸೆಗೆ ಬಂದವರು. 105ರ ಲೆಕ್ಕದಲ್ಲಿ ಅವರಲ್ಲಿ ಬಹಳ ಜನಕ್ಕೆ ಜಾಗ ಇಲ್ಲ.

ನಮ್ಮ ಪಕ್ಕದ ಮನೆಯ ಹುಡುಗ ಒಬ್ಬ ಹಾಗೆ ಆಡುತ್ತಿದ್ದ. ಯಾವ ವಿಶ್ವವಿದ್ಯಾಲಯ ಅನ್ನೋದು ಬೇಡ. ಮೂರು ವರ್ಷದಲ್ಲಿ ಮ್ಯಾಚಿನಲ್ಲಿ ಅವನು ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಅವನ ಕೆಲಸ ಇದ್ದದ್ದು ಮಂಗಳವಾರ, ಬುಧವಾರಗಳ ಅಭ್ಯಾಸದಲ್ಲಿ. ಆ ವಾರದ ಎದುರಾಳಿ ತಂಡದ ಒಬ್ಬ ಆಟಗಾರನ ಪಾತ್ರ ಇವನದು. ಅವನ ನಂಬರಿನ ಅಂಗಿ ಹಾಕಿಕೊಳ್ಳಬೇಕು. ಸಹಾಯಕ ಕೋಚ್ ಒಂದು ರಟ್ಟಿನ ಕಾರ್ಡ್ ಎತ್ತಿ ಹಿಡಿಯುತ್ತಾರೆ, ಅದರಲ್ಲಿ ಗೆರೆ ಬಾಣ ಬರೆದಿರುತ್ತದೆ. ಅದನ್ನು ನೋಡಿ ಹಾಗೇ ಓಡಬೇಕು, ತಂಡದ ದೊಡ್ಡ ಆಟಗಾರರು ಬಂದು ಗುದ್ದುತ್ತಾರೆ, ಬೀಳಬೇಕು, ಎದ್ದು ಮತ್ತೆ ಕಾರ್ಡ್ ನೋಡಬೇಕು. ಅವನ ಅಮ್ಮ ಫ್ರಿಜ್‌ನಲ್ಲಿ ಯಾವಾಗಲೂ ಐಸ್ ಚೀಲ ತುಂಬಿಟ್ಟಿರುತ್ತಿದ್ದರು. 2025ರ ವಸಂತದಲ್ಲಿ ಅವನಿಗೆ ಜಾಗ ಇಲ್ಲ ಅಂತ ಹೇಳಿದರು. ಹೀಗೆ ಜಾಗ ಕಳೆದುಕೊಂಡವರಿಗೆ ವಿನಾಯಿತಿ ಕೊಡಿ ಅಂತ ನ್ಯಾಯಾಧೀಶರು ಹೇಳಿದ್ದರಿಂದ ಒಂದು ಪಟ್ಟಿ ಮಾಡಿದರು. ಪಟ್ಟಿಯಲ್ಲಿದ್ದವರನ್ನು 105ರ ಲೆಕ್ಕಕ್ಕೆ ಸೇರಿಸದೆ ಉಳಿಸಿಕೊಳ್ಳಬಹುದು. ಆದರೆ ಉಳಿಸಿಕೊಳ್ಳಲೇಬೇಕು ಅಂತೇನಿಲ್ಲ. ಅವನ ಹೆಸರು ಪಟ್ಟಿಯಲ್ಲಿತ್ತು. ಅವನನ್ನು ಕರೆಯಲಿಲ್ಲ.

ಅವನೀಗ ಡಿಗ್ರಿ ಮುಗಿಸುತ್ತಾ, ಸಂಜೆ ತನ್ನ ಹಳೆಯ ಹೈಸ್ಕೂಲಿನಲ್ಲಿ ಹುಡುಗರಿಗೆ ಹೇಳಿಕೊಡುತ್ತಾನೆ. ಇಲ್ಲಿ ಹೈಸ್ಕೂಲ್ ಪಂದ್ಯಗಳು ಶುಕ್ರವಾರ ರಾತ್ರಿ ನಡೆಯುತ್ತವೆ. ಅದಕ್ಕೂ ಒಂದು ಕಾನೂನಿನ ನೆರಳು ಇದೆ. ಎನ್‌ಎಫ್‌ಎಲ್ ತಂಡಗಳು ಒಟ್ಟಾಗಿ ಟಿವಿ ಹಕ್ಕು ಮಾರಬಹುದು ಅಂತ ಅಮೆರಿಕದ ಕಾಂಗ್ರೆಸ್ 1961ರಲ್ಲಿ ಒಪ್ಪಿದಾಗ ಒಂದು ಷರತ್ತು ಇಟ್ಟಿತು. ಸೀಸನ್‌ನಲ್ಲಿ ಶುಕ್ರವಾರ ರಾತ್ರಿ, ಶನಿವಾರ ಕಾಲೇಜುಗಳ ಆಟಕ್ಕೆ ಅಡ್ಡ ಬರಬೇಡಿ ಅಂತ. 1966ರಲ್ಲಿ ಹೈಸ್ಕೂಲುಗಳನ್ನೂ ಅದಕ್ಕೆ ಸೇರಿಸಿದರು. ಕಾಲೇಜುಗಳಿಗೂ ಅದೇ ಒಟ್ಟಾಗಿ ಮಾರುವ ಹಕ್ಕು ಕೊಡಿ, ಆಗ ಹಂಚಿಕೊಳ್ಳಬಹುದು ಅಂತ ಕೆಲವರು ಈಗ ಕೇಳುತ್ತಿದ್ದಾರೆ. ನಾನು ಅವರ ಕಡೆ.

ಹೋದ ಅಕ್ಟೋಬರ್‌ನಲ್ಲಿ ಒಂದು ಶುಕ್ರವಾರ ಆ ಹೈಸ್ಕೂಲ್ ಮೈದಾನಕ್ಕೆ ಹೋಗಿದ್ದೆ. ಚಳಿ ಇತ್ತು. ಬದಿಯ ಗೆರೆಯ ಹತ್ತಿರ ಅವನು ನಿಂತಿದ್ದ. ಕೈಯಲ್ಲಿ ಅದೇ ಥರದ ರಟ್ಟಿನ ಕಾರ್ಡುಗಳ ಕಂತೆ, ಅಂಚಿಗೆ ಟೇಪ್ ಸುತ್ತಿತ್ತು. ಆಟಕ್ಕಿಳಿಯದ ಒಬ್ಬ ಸಣಕಲು ಹುಡುಗನನ್ನು ಪಕ್ಕಕ್ಕೆ ಕರೆದು, ಒಂದು ಕಾರ್ಡ್ ತೋರಿಸಿ, ನೆಲದಲ್ಲಿ ಪಾದ ಎಲ್ಲಿಡಬೇಕು ಅಂತ ತನ್ನ ಪಾದ ಇಟ್ಟು ಹೇಳಿಕೊಡುತ್ತಿದ್ದ.